ಓಬೋ ಬಿಟ್ಟ ಜಾಗದಲ್ಲಿ ಪಕ್ಕವಾದ್ಯ

ನಾವು ನುಡಿಸಬೇಕು ಅಂತ ಹೊರಟಿದ್ದು ಇಬ್ಬರು ಫ್ರೆಂಚ್ ಸಂಗೀತ ರಚನಕಾರರಲ್ಲಿ ಡೆಬ್ಯೂಸಿಯನ್ನಲ್ಲ, ರವೆಲ್‌ನನ್ನು. ಅವನ 'ಇಂಟ್ರೊಡಕ್ಷನ್ ಮತ್ತು ಅಲೆಗ್ರೊ'ಗೆ ಹಾರ್ಪ್, ಫ್ಲೂಟ್, ಕ್ಲಾರಿನೆಟ್, ಎರಡು ವಯಲಿನ್, ವಯಲಿನ್‌ಗಿಂತ ತುಸು ದೊಡ್ಡದಾದ ವಯೋಲ, ಚೆಲ್ಲೊ ಸೇರಿ ಏಳು ಜನ ಬೇಕು. ಮ್ಯಾಂಚೆಸ್ಟರಿನಲ್ಲಿ ಏಳು ಜನ ಹವ್ಯಾಸಿಗಳನ್ನು ಹುಡುಕುವುದು ಕಷ್ಟವೇ ಅಲ್ಲ. ಅದೇ ಏಳು ಜನ ಒಂದೇ ಮಂಗಳವಾರ ಸಂಜೆ ಬಿಡುವಾಗಿರಬೇಕಲ್ಲ, ಕಷ್ಟ ಇರುವುದು ಅಲ್ಲಿ. ಒಂದು ವಾರ ಚೆಲ್ಲೊದವರಿಗೆ ರಾತ್ರಿ ಪಾಳಿ, ಮುಂದಿನ ವಾರ ಕ್ಲಾರಿನೆಟ್‌ನವರ ಮಗುವಿಗೆ ಜ್ವರ. ಎರಡು ತಿಂಗಳು ಕಳೆಯುವಷ್ಟರಲ್ಲಿ ಉಳಿದವರು ಮೂವರು: ಫ್ಲೂಟಿನವರು, ಹಾರ್ಪಿನವರು, ವಯೋಲ ಹಿಡಿದ ನಾನು.

ಹೀಗೆ ಉಳಿದುಹೋದ ಮೂವರಿಗೆ ಅಂತಲೇ ಮಾಡಿಟ್ಟ ಹಾಗೆ ಒಂದು ಕೃತಿ ಇದೆ. 1915ರಲ್ಲಿ ಕ್ಲೋದ್ ಡೆಬ್ಯೂಸಿ ಬರೆದ ಫ್ಲೂಟ್, ವಯೋಲ, ಹಾರ್ಪ್ ಸೊನಾಟ. ಮೂರು ಭಾಗ, ಒಟ್ಟು ಹದಿನೇಳು ಹದಿನೆಂಟು ನಿಮಿಷ. ಅದನ್ನು ಸಭೆಯ ಮುಂದೆ ಇಡಲು ನಮಗೆ ಹಿಡಿದದ್ದು ಒಂಬತ್ತು ತಿಂಗಳು.

ನನ್ನ ಪೂರ್ವಾಶ್ರಮದ ವಿಷಯ ಎರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಮೈಸೂರಿನಲ್ಲಿ ಎಂಟನೇ ವಯಸ್ಸಿಗೆ ಪಿಟೀಲು ಹಿಡಿದವನು. ಚಕ್ಕಂಬಕ್ಕಳ ಹಾಕಿ ಕೂತು, ಪಿಟೀಲಿನ ತಲೆಯನ್ನು ಪಾದದ ಮೇಲೆ ಊರಿ, ಸರಳೆ ಜಂಟಿಯಿಂದ ವರ್ಣದವರೆಗೆ ಬಂದು, ಸಣ್ಣಪುಟ್ಟ ಕಚೇರಿಗಳಲ್ಲಿ ಪಕ್ಕವಾದ್ಯಕ್ಕೆ ಕೂತಿದ್ದೆ. ಅಲ್ಲಿಗೆ ನಿಂತೆ. ಕೆಲಸಕ್ಕೆಂದು ಬೆಂಗಳೂರಿಗೆ ಬಂದ ಮೇಲೆ ಅದೇ ವಾದ್ಯವನ್ನು ಗದ್ದದ ಕೆಳಗೆ ಸಿಕ್ಕಿಸಿ, ಸ್ಟಾಫ್ ನೊಟೇಶನ್ ಓದುವುದನ್ನು ಮೊದಲಿಂದ ಕಲಿತೆ. ವಯೋಲಕ್ಕೆ ಬಂದದ್ದು ಇಂಗ್ಲೆಂಡಿಗೆ ಬಂದಮೇಲೆ. ಕಾರಣ ಸರಳ: ವಯಲಿನ್‌ನವರು ಬೀದಿಗೆ ಹತ್ತು ಜನ, ವಯೋಲದವರು ಸಿಗುವುದಿಲ್ಲ. ಸುಮಾರಾಗಿ ನುಡಿಸಿದರೂ ಕರೆದು ಕಾಫಿ ಕೊಡುತ್ತಾರೆ.

ಸ್ಕೋರ್ ಸಿಕ್ಕಿದ್ದು ಊರಿನ ಸೆಂಟ್ರಲ್ ಲೈಬ್ರರಿಯೊಳಗಿನ ಹೆನ್ರಿ ವಾಟ್ಸನ್ ಸಂಗೀತ ಗ್ರಂಥಾಲಯದಲ್ಲಿ. ಕಾದಂಬರಿ ತಂದ ಹಾಗೆ ಸ್ವರಲಿಪಿಯನ್ನೂ ಎರವಲು ತರಬಹುದು ಅನ್ನುವುದು ನನಗೆ ಈಗಲೂ ಒಂದು ಸಣ್ಣ ಹಬ್ಬ. ಆ ವಾರವೆಲ್ಲ ವಾದ್ಯ ಮುಟ್ಟದೆ ಸ್ಕೋರ್ ಓದಿದೆ, ಜೊತೆಗೆ ಅದರ ಕತೆಯನ್ನೂ. ಮಹಾಯುದ್ಧದ ಎರಡನೇ ವರ್ಷ. ಡೆಬ್ಯೂಸಿ ಪ್ಯಾರಿಸ್ ಬಿಟ್ಟು ದಿಯೆಪ್ ಹತ್ತಿರದ ಪೂರ್‌ವಿಲ್ ಎಂಬ ಕಡಲತೀರದ ಊರಿಗೆ ಹೋಗಿದ್ದ. ಕ್ಯಾನ್ಸರ್ ಒಳಗೊಳಗೇ ತಿನ್ನುತ್ತಿತ್ತು. ಆ ಡಿಸೆಂಬರಿನಲ್ಲೇ ಶಸ್ತ್ರಚಿಕಿತ್ಸೆ ಆಯಿತು. ಜುಲೈಯಿಂದ ಅಕ್ಟೋಬರಿನವರೆಗೆ, ಆ ಮೂರು ತಿಂಗಳಲ್ಲಿ, ಅವನು ಬರೆದದ್ದನ್ನು ನೋಡಿದರೆ ತಲೆ ತಿರುಗುತ್ತದೆ: ಪಿಯಾನೊಗೆ ಹನ್ನೆರಡು ಎತ್ಯೂಡ್ (ಅಭ್ಯಾಸ ಕೃತಿ), ಚೆಲ್ಲೊ ಸೊನಾಟ, ಆಮೇಲೆ ಇದು. ಬೇರೆ ಬೇರೆ ವಾದ್ಯಗಳಿಗೆ ಆರು ಸೊನಾಟ ಬರೆಯುವ ಯೋಜನೆ ಅವನದು. ಮುಗಿದದ್ದು ಮೂರು, 1918ರ ಮಾರ್ಚಿನಲ್ಲಿ ತೀರಿಕೊಂಡ. ಮುಖಪುಟದಲ್ಲಿ ಹೆಸರಿನ ಮುಂದೆ 'ಫ್ರೆಂಚ್ ಸಂಗೀತಗಾರ' ಅಂತ ಹಾಕಿಸಿಕೊಂಡಿದ್ದಾನೆ. ಜರ್ಮನರು ನಿನ್ನ ದೇಶದೊಳಗೆ ಬಂದು ಕೂತಿರುವಾಗ ಅದು ಬರೀ ಬಿರುದಲ್ಲ.

ನನಗೆ ಹಿಡಿಸಿದ ಸಂಗತಿ ಬೇರೆ. ನಾನು ನುಡಿಸಬೇಕಾದ ಸಾಲು ಅವನ ಮನಸ್ಸಿನಲ್ಲಿ ಮೊದಲು ಇದ್ದದ್ದು ಓಬೋ ಎಂಬ ಊದುವ ವಾದ್ಯಕ್ಕೆ. ಫ್ಲೂಟ್, ಓಬೋ, ಹಾರ್ಪ್ ಅಂತ ಶುರು ಮಾಡಿ, ಆಮೇಲೆ ಓಬೋ ಎಬ್ಬಿಸಿ ಆ ಜಾಗಕ್ಕೆ ವಯೋಲ ಕೂರಿಸಿದ. ಯಾಕೆ ಅನ್ನುವ ಪ್ರಶ್ನೆ ಇಡೀ ಒಂಬತ್ತು ತಿಂಗಳು ನನ್ನ ಕಮಾನಿನ ತುದಿಯಲ್ಲಿ ಕೂತಿತ್ತು.

ಮೊದಲ ರಿಹರ್ಸಲ್ ಶುದ್ಧ ಅಧ್ವಾನ. ಮೂವರೂ ಮನೆಯಲ್ಲಿ ಅವರವರ ಪಾರ್ಟ್ ಕಲಿತುಬಂದಿದ್ದೆವು, ಎಲ್ಲರದೂ ಸರಿ ಇತ್ತು, ಸೇರಿಸಿದರೆ ಏನೂ ಇಲ್ಲ. ಒಬ್ಬೊಬ್ಬರೂ ಒಂದೊಂದು ಕೋಣೆಯಲ್ಲಿ ಮಾತಾಡಿಕೊಂಡ ಹಾಗೆ. ಮೊದಲ ಭಾಗದ ತಲೆಯಲ್ಲೇ ನಿಧಾನ, ಮೃದು, ರುಬಾಟೊ ಅಂತ ಇದೆ. ರುಬಾಟೊ ಅಂದರೆ ಕಾಲವನ್ನು ಎಳೆದು ಬಿಟ್ಟು ನುಡಿಸುವುದು. ಒಬ್ಬರೇ ಆದರೆ ಸುಖ, ಮೂವರೂ ಅವರವರ ಇಷ್ಟಕ್ಕೆ ಎಳೆದರೆ ಹಗ್ಗಜಗ್ಗಾಟ. ಲಯ ತಟ್ಟುವ ಮೆಟ್ರೊನೋಮ್ ಹಾಕಿದೆವು. ಜೊತೆಗೂಡಿತು, ಸತ್ತೂ ಹೋಯಿತು.

ದಾರಿ ಸಿಕ್ಕಿದ್ದು ಮೂರನೇ ವಾರ. ತೀರಾ ಶುರುವಿನಲ್ಲೇ ಒಂದು ಕಡೆ ಹಾರ್ಪ್ ಮೀಟಿ ಬಿಟ್ಟ ಸ್ವರಗಳ ಮೇಲೆ ಫ್ಲೂಟ್ ಒಂದು ಸುರುಳಿ ಬಿಡಿಸಿ ನಿಲ್ಲುತ್ತದೆ. ಅದು ಆರುತ್ತಿರುವಾಗಲೇ ಅದರೊಳಗಿಂದ ವಯೋಲ ಎದ್ದುಬರಬೇಕು. ನಾನು ಪ್ರತಿ ಸಲ ಬಾಗಿಲು ತಟ್ಟಿ ಒಳಗೆ ಬಂದವನ ಹಾಗೆ ಬರುತ್ತಿದ್ದೆ. ಫ್ಲೂಟಿನವರು ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರು, ಮೆತ್ತಗೆ ಹೇಳಿದರು: ನನ್ನ ಉಸಿರು ಮುಗಿಯುವ ಜಾಗದಲ್ಲಿ ನೀನು ಶುರುವಾಗುತ್ತಿದ್ದೀಯ, ಅದಕ್ಕೆ ಮುಂಚೆ ಶುರುವಾಗು.

ಅದನ್ನು ಕೇಳಿದ ತಕ್ಷಣ ಹೊಳೆಯಿತು, ಇದು ನನಗೆ ಗೊತ್ತಿರುವ ಕೆಲಸ! ಆಲಾಪನೆಯಲ್ಲಿ ಹಾಡುವವರು ಒಂದು ಸ್ವರದ ಮೇಲೆ ನಿಂತು ಉಸಿರು ತೆಗೆದುಕೊಳ್ಳುತ್ತಾರಲ್ಲ, ಆಗ ಪಕ್ಕದ ಪಿಟೀಲು ಆ ಸ್ವರವನ್ನು ಹಿಡಿದುಕೊಂಡಿರುತ್ತದೆ. ಸಭೆಗೆ ಉಸಿರಿನ ತೂತು ಕೇಳಿಸಬಾರದು. ಅದಕ್ಕೆ ಪಿಟೀಲು ಮೊದಲೇ ಒಳಗೆ ಇರಬೇಕು, ಆದರೆ ಕಾಣಬಾರದು. ಹದಿನೈದು ವರ್ಷ ಕಲಿತು ಬಿಟ್ಟುಬಂದ ವಿದ್ಯೆ ಇದು.

ಇಲ್ಲಿ ಯಾರಿಗೆ ಪಕ್ಕವಾದ್ಯ ಬೇಕು ಅಂತ ನೋಡಿದರೆ ಇಬ್ಬರಿಗೂ ಬೇಕು. ಹಾರ್ಪಿನ ಸ್ವರ ಮೀಟಿದ ಗಳಿಗೆಯಿಂದಲೇ ಸಾಯುತ್ತಾ ಹೋಗುತ್ತದೆ. ವೀಣೆಯದೂ ಹಾಗೇ, ಆದರೆ ವೈಣಿಕರು ತಂತಿ ಎಳೆದು, ಜಾರಿಸಿ, ಆ ಸ್ವರಕ್ಕೆ ಇನ್ನಷ್ಟು ಆಯಸ್ಸು ಕೊಡುತ್ತಾರೆ. ಹಾರ್ಪಿಗೆ ಆ ಭಾಗ್ಯವಿಲ್ಲ. ಫ್ಲೂಟಿಗೆ ಶ್ವಾಸಕೋಶದ ಮಿತಿ. ಮೂವರಲ್ಲಿ ಉಸಿರು ತೆಗೆದುಕೊಳ್ಳಬೇಕಾಗಿಲ್ಲದ, ಆರಿಹೋಗಬೇಕಾಗಿಲ್ಲದ ಸ್ವರ ವಯೋಲದ್ದೊಂದೇ. ಓಬೋ ಆಗಿದ್ದರೆ ಅದೂ ಊದುವ ವಾದ್ಯವೇ, ಫ್ಲೂಟಿನ ಎದುರು ಇನ್ನೊಂದು ಮೂಗು. ಡೆಬ್ಯೂಸಿ ಇದೇ ಕಾರಣಕ್ಕೆ ಬದಲಿಸಿದ ಅಂತ ನಾನು ಹೇಳುತ್ತಿಲ್ಲ. ನುಡಿಸುವವನ ಕೈಗೆ ಹಾಗೆ ತಿಳಿಯಿತು, ಅಷ್ಟೆ.

ತಿಳಿದದ್ದನ್ನು ಕಮಾನಿಗೆ ಇಳಿಸಲು ಆರು ವಾರ ಬೇಕಾಯಿತು. ನಾನು ಮಾಡಿದ್ದು ಇಷ್ಟು. ಕಮಾನನ್ನು ಗಾಳಿಯಿಂದ ತಂದು ತಂತಿಗೆ ತಾಗಿಸುವುದನ್ನು ಬಿಟ್ಟೆ. ಮೊದಲೇ ತಂತಿಯ ಮೇಲೆ ಕೂರಿಸಿ, ಭಾರ ಕೊಡದೆ, ಮಣೆಯ ಕಡೆಗೆ ಒಂದೆರಡು ಬೆರಳಗಲ ಸರಿಸಿ ಎಳೆದೆ. ಅಲ್ಲಿ ಸ್ವರದ ಅಂಚು ಕರಗುತ್ತದೆ, ಫ್ಲೂಟಿನ ಕೆಳಸ್ಥಾಯಿಗೆ ಹತ್ತಿರವಾಗುತ್ತದೆ. ವೈಬ್ರಾಟೊ ಪೂರ್ತಿ ನಿಲ್ಲಿಸಿ, ಫ್ಲೂಟ್ ಸಂಪೂರ್ಣ ಆರಿದ ಮೇಲೆ ಮಾತ್ರ ಬೆರಳು ಅಲುಗಿಸಿದೆ. ಕಣ್ಣು ನೊಟೇಶನ್ ಮೇಲಲ್ಲ, ಮೇಷ್ಟ್ರ ಭುಜದ ಮೇಲೆ. ಭುಜ ಇಳಿಯಲು ಶುರುವಾದರೆ ಉಸಿರು ಮುಗಿಯುತ್ತಾ ಬಂತು ಅಂತ ಲೆಕ್ಕ. ಜೊತೆಗೆ ಒಂದು ಕೆಟ್ಟ ಚಾಳಿಯನ್ನೂ ಬಿಡಬೇಕಾಯಿತು: ನನ್ನ ಎಡಗೈ ಒಂದು ಸ್ವರದಿಂದ ಇನ್ನೊಂದಕ್ಕೆ ತಾನಾಗಿ ಜಾರು ಹಾಕುತ್ತದೆ. ಮೇಷ್ಟ್ರಿಗೆ ಅದು ಇಷ್ಟವೇ, ಆದರೆ ಹಾರ್ಪಿನ ಬಿಡಿ ಬಿಡಿ ಸ್ವರಗಳ ಪಕ್ಕ ಆ ಜಾರು ಮಣ್ಣಿನ ನೆಲದ ಮೇಲೆ ಎಣ್ಣೆ ಚೆಲ್ಲಿದ ಹಾಗೆ.

ಆ ವೇಳೆಗೆ ರಿಹರ್ಸಲಿನ ರೆಕಾರ್ಡಿಂಗ್ ಒಂದನ್ನು ಅಮ್ಮನಿಗೆ ವಾಟ್ಸಾಪ್ ಮಾಡಿದೆ. ಮರುದಿನ ಫೋನು: 'ಚೆನ್ನಾಗಿದೆ ಕಣೋ, ಆದರೆ ಮೊದಲೆರಡು ನಿಮಿಷ ನಿನ್ನ ಪಿಟೀಲು ಶುರುವೇ ಆಗಲಿಲ್ಲವಲ್ಲ?' ನಾನು ಶುರುವಾಗಿದ್ದು ಅರ್ಧ ನಿಮಿಷಕ್ಕೂ ಮುಂಚೆ. ಅಷ್ಟು ವರ್ಷದಲ್ಲಿ ಅಮ್ಮ ನನ್ನ ನುಡಿಸಾಣಿಕೆ ಬಗ್ಗೆ ಹೇಳಿದ ಅತಿ ದೊಡ್ಡ ಹೊಗಳಿಕೆ ಅದು, ಅವಳಿಗೆ ಗೊತ್ತಿಲ್ಲದೆ.

ಶ್ರುತಿಯದು ಇನ್ನೊಂದು ರಾಮಾಯಣ. ಕೊನೆಯ ಭಾಗ ಎಫ್ ಮೈನರ್‌ನಲ್ಲಿ ಹೊರಡುತ್ತದೆ, ಮುಗಿಯುವಾಗ ಎಫ್ ಮೇಜರ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಎಫ್ ಅನ್ನು ಷಡ್ಜ ಮಾಡಿಕೊಂಡರೆ ಸಾಧಾರಣ ಗಾಂಧಾರದಲ್ಲಿ ಹೋಗುತ್ತಿದ್ದದ್ದು ಅಂತರ ಗಾಂಧಾರಕ್ಕೆ ಬಂದು ತಂಗುತ್ತದೆ. ಹಾರ್ಪಿನವರಿಗೆ ಇದು ಕಾಲಿನ ಕೆಲಸ. ಆ ವಾದ್ಯಕ್ಕೆ 47 ತಂತಿ, ಕೆಳಗೆ ಏಳು ಪೆಡಲ್, ಎಡಗಾಲಿಗೆ ಮೂರು, ಬಲಗಾಲಿಗೆ ನಾಲ್ಕು. ಒಂದೊಂದು ಸ್ವರದ ಹೆಸರಿಗೆ ಒಂದು ಪೆಡಲ್, ಒಂದೊಂದಕ್ಕೂ ಮೂರು ಮೆಟ್ಟಿಲು: ಮೇಲಿದ್ದರೆ ಫ್ಲಾಟ್ (ಅರ್ಧ ಸ್ವರ ತಗ್ಗು), ನಡುವೆ ನ್ಯಾಚುರಲ್ (ಇದ್ದ ಹಾಗೆ), ಕೆಳಗೆ ಶಾರ್ಪ್ (ಅರ್ಧ ಸ್ವರ ಏರು). ಬಲಗಾಲಿನ ಕೊನೆಯ ಪೆಡಲನ್ನು ಒಂದು ಮೆಟ್ಟಿಲು ಒತ್ತಿದರೆ ಕೆಳಗಿಂದ ಮೇಲಿನವರೆಗೆ ಎಲ್ಲ ಸ್ಥಾಯಿಯ ಎ ಫ್ಲಾಟ್‌ಗಳೂ ಒಟ್ಟಿಗೆ ಎ ಆಗುತ್ತವೆ. ಗಾಂಧಾರವನ್ನು ಪಾದದಿಂದ ಬದಲಿಸುವುದನ್ನು ಮೊದಲ ಸಲ ನೋಡಿದಾಗ ನಾನು ಬಾಯಿ ಬಿಟ್ಟುಕೊಂಡು ಕೂತಿದ್ದೆ. ಪ್ಯಾರಿಸಿನ ವಾದ್ಯ ತಯಾರಕ ಸೆಬಾಸ್ಟಿಯನ್ ಏರಾರ್ ಈ ಏರ್ಪಾಟನ್ನು ಪೂರ್ತಿ ಮಾಡಿದ್ದು 1810ರಲ್ಲಿ.

(ಇಲ್ಲೊಂದು ಸ್ವಾರಸ್ಯದ ಜಗಳ ಇದೆ. ಅದೇ ಪ್ಯಾರಿಸಿನ ಪ್ಲೆಯೆಲ್ ಕಂಪನಿ ಪೆಡಲ್ಲೇ ಬೇಡ ಅಂತ, ತಂತಿಗಳ ಎರಡು ಸಾಲನ್ನು ಅಡ್ಡಡ್ಡ ಹಾಯಿಸಿ ಬೇರೊಂದು ಹಾರ್ಪ್ ಮಾಡಿತು. ಅದನ್ನು ಮೆರೆಸಲು 1904ರಲ್ಲಿ ಡೆಬ್ಯೂಸಿಯಿಂದ ಎರಡು ನೃತ್ಯಗಳನ್ನು ಬರೆಸಿತು. ಏರಾರ್ ಕಂಪನಿ ಸುಮ್ಮನಿರುತ್ತದೆಯೇ? ಮರುವರ್ಷವೇ ರವೆಲ್‌ನಿಂದ ಬರೆಸಿತು. ಅವನು ವಿಹಾರನೌಕೆಯ ಪ್ರವಾಸಕ್ಕೆ ಹೊರಡುವ ಮುಂಚೆ ಅವಸರದಲ್ಲಿ ಮುಗಿಸಿಕೊಟ್ಟ. ನಮಗೆ ದಕ್ಕದ ಆ ಏಳು ಜನರ ಕೃತಿ ಹುಟ್ಟಿದ್ದು ಹೀಗೆ, ಹಾರ್ಪ್ ಅಂಗಡಿಗಳ ಪೈಪೋಟಿಯಲ್ಲಿ. ಪ್ಲೆಯೆಲ್‌ನ ಹಾರ್ಪ್ ಮೂಲೆ ಸೇರಿತು. ಅದಕ್ಕೆಂದು ಬರೆದ ನೃತ್ಯಗಳನ್ನು ಈಗ ಪೆಡಲ್ ಹಾರ್ಪಿನಲ್ಲೇ ನುಡಿಸುತ್ತಾರೆ.)

ಗಾಂಧಾರಕ್ಕೆ ಬರೋಣ. ಮನೆಯಲ್ಲಿ ನಾನು ಅಭ್ಯಾಸ ಮಾಡುತ್ತಿದ್ದದ್ದು ಫೋನಿನ ತಂಬೂರಿ ಆ್ಯಪ್ ಎಫ್‌ಗೆ ಇಟ್ಟುಕೊಂಡು. ಹಳೆಯ ಅಭ್ಯಾಸ, ತಂಬೂರಿ ಇಲ್ಲದಿದ್ದರೆ ಕಿವಿಗೆ ನೆಲ ಸಿಗುವುದಿಲ್ಲ. ಆ ಕೊನೆಯ ಎ ತಂಬೂರಿಯೊಳಗಿನ ಸ್ವಯಂಭು ಗಾಂಧಾರದ ಜೊತೆ ಸಕ್ಕರೆಯ ಹಾಗೆ ಕರಗುತ್ತಿತ್ತು. ರಿಹರ್ಸಲಿಗೆ ಹೋಗಿ ಅದೇ ಸ್ವರ ಹಚ್ಚಿದರೆ ಹಾರ್ಪಿನವರು ಮುಖ ಹುಳ್ಳಗೆ ಮಾಡುತ್ತಾರೆ. ತಗ್ಗು, ತಗ್ಗು. ನನಗೋ ರೋಷ. ಮೂವತ್ತು ವರ್ಷದ ಶ್ರುತಿಜ್ಞಾನ ನನ್ನದು, ಇವರು ಟ್ಯೂನರ್ ಕಚ್ಚಿಸಿಕೊಂಡು ತಂತಿ ತಿರುಗಿಸುವವರು.

ಇಬ್ಬರೂ ಸರಿಯೇ. ಸ್ಥಾಯಿಯನ್ನು 1200 ಸೆಂಟ್ ಅಂತ ಭಾಗ ಮಾಡಿದರೆ ತಂಬೂರಿಯೊಳಗೆ ತಾನಾಗಿ ಕೇಳುವ ಅಂತರ ಗಾಂಧಾರ ಸುಮಾರು 386ರಲ್ಲಿ ಕೂರುತ್ತದೆ. ಹಾರ್ಪಿನ ಹನ್ನೆರಡು ಮೆಟ್ಟಿಲೂ ಸಮ, ತಲಾ 100. ಅದರ ಗಾಂಧಾರ 400ರಲ್ಲಿ. ಹದಿನಾಲ್ಕು ಸೆಂಟ್ ವ್ಯತ್ಯಾಸ. ನಾನು ಮೇಲೆ ಹೋಗಬಲ್ಲೆ, ಅವರು ಕೆಳಗೆ ಬರಲಾರರು, ಬಂದರೆ ಆ ಸ್ವರ ಬೇರೆ ಎಲ್ಲ ಕಡೆ ಕೆಡುತ್ತದೆ. ಸೋಲಬೇಕಾದವನು ನಾನು. ತಂಬೂರಿ ಆ್ಯಪ್ ಮುಚ್ಚಿದೆ. ಅವರ ಮನೆಗೆ ಹೋಗಿ ಹಾರ್ಪಿನ ಸಾಲನ್ನಷ್ಟೇ ನಿಧಾನವಾಗಿ ನುಡಿಸಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಅದರ ಜೊತೆ ದಿನಾ ನುಡಿಸಿದೆ. ಇಂಥ ಗುಂಪಿನಲ್ಲಿ ತಂತಿ ಅಥವಾ ಊದುವ ವಾದ್ಯ ನುಡಿಸುವವರಿಗೆ ನಾನು ಕೊಡುವ ಒಂದೇ ಒಂದು ಸಲಹೆ ಇದ್ದರೆ ಇದು: ಹಾರ್ಪನ್ನು ರೆಕಾರ್ಡ್ ಮಾಡಿಕೊಳ್ಳಿ, ಅದೇ ನಿಮ್ಮ ತಂಬೂರಿ. ಒಪ್ಪಿಕೊಳ್ಳುತ್ತೇನೆ, ಇವತ್ತಿಗೂ ಆ ಎತ್ತರದ ಗಾಂಧಾರ ನನ್ನ ಕಿವಿಗೆ ಸ್ವಲ್ಪ ಖಾರವೇ.

ಹಾರ್ಪ್ ಕೂಡ ಒಂದೇ ಕಡೆ ನಿಲ್ಲುವುದಿಲ್ಲ ಅನ್ನಿ. ಕರುಳಿನ ತಂತಿಗಳು, ಚರ್ಚಿನ ಹೀಟರ್ ಹಾಕಿದರೆ ಒಂದು ಕಡೆ ಎಳೆಯುತ್ತವೆ, ಮಳೆ ಬಂದರೆ ಇನ್ನೊಂದು ಕಡೆ. ಮ್ಯಾಂಚೆಸ್ಟರಿನಲ್ಲಿ ಮಳೆ ಬಾರದ ರಿಹರ್ಸಲ್ ನನಗೆ ನೆನಪಿಲ್ಲ. ಅವರು ನಮಗಿಂತ ಮುಕ್ಕಾಲು ಗಂಟೆ ಮೊದಲೇ ಬಂದು ಶ್ರುತಿ ಮಾಡಿಕೊಳ್ಳುತ್ತಿದ್ದರು, ನಾವು ಬಂದಮೇಲೆ ಇನ್ನೊಂದು ಸಲ. ಮೇಷ್ಟ್ರ ಫ್ಲೂಟೋ, ತಣ್ಣಗಿದ್ದಾಗ ತಗ್ಗು, ಕಾದ ಮೇಲೆ ಏರು.

ಲಯದ ತೊಂದರೆ ಇದ್ದದ್ದು ಮೊದಲ ಭಾಗದ ನಡುವೆ ಬರುವ ಚುರುಕಿನ ಜಾಗದಲ್ಲಿ. ಅಲ್ಲಿಯವರೆಗಿನ 9/8 ಬಿಟ್ಟು 18/16 ಅಂತ, ಅಂದರೆ ಒಂದು ಆವರ್ತಕ್ಕೆ ಹದಿನೆಂಟು ಕಿರು ಎಣಿಕೆ ಅಂತ ಬರೆದಿದ್ದಾನೆ. ಕಾಗದದ ಮೇಲೆ ನೋಡಿ ಮೂವರೂ ಬೆಚ್ಚಿದ್ದೆವು. ನಾನು ಒಂದು ಸಂಜೆ ಮೇಜು ಕುಟ್ಟಿ ತಕಿಟ ಅಂತ ಆರು ಸಲ ಹೇಳಿ ತೋರಿಸಿದೆ, ಹದಿನೆಂಟು ಆಯಿತಲ್ಲ. ಮೇಷ್ಟ್ರು ಅದನ್ನು ತಮ್ಮ ಪಾರ್ಟಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡರು, 'ಟಾಕಿಟಾ'. ಕೊನೆಯವರೆಗೂ ಅವರ ಬಾಯಲ್ಲಿ ಅದು ಟಾಕಿಟಾವೇ.

ಇನ್ನೊಂದು ಸಣ್ಣ ಸಂಗತಿ, ಯಾವ ಪುಸ್ತಕವೂ ನಮಗೆ ಹೇಳಲಿಲ್ಲ. ಹಾರ್ಪಿನವರು ಸ್ವರಗುಚ್ಛವನ್ನು ಕೆಳಗಿಂದ ಮೇಲಕ್ಕೆ ಬಿಡಿಸಿ ಮೀಟುವಾಗ ನಾವು ಯಾವ ಸ್ವರಕ್ಕೆ ಸೇರಬೇಕು, ಮೊದಲನೆಯದಕ್ಕೋ ಕೊನೆಯದಕ್ಕೋ? ಎರಡು ವಾರ 'ನೀನು ತಡ, ನೀನು ಬೇಗ' ಅಂತ ಕಿತ್ತಾಡಿದ ಮೇಲೆ ತುದಿಯ ಸ್ವರಕ್ಕೆ ಅಂತ ಠರಾವಾಯಿತು. ಆಮೇಲೆ ಕೂರುವ ಜಾಗ. ವಯೋಲದ ಎಫ್ ಆಕಾರದ ರಂಧ್ರಗಳು ಸಭೆಯ ಕಡೆ ತೆರೆದಿರಲೆಂದು ನಾನು ಸಭಿಕರ ಎಡಗಡೆ, ಮೇಷ್ಟ್ರು ಬಲಗಡೆ, ನಡುವೆ ಸ್ವಲ್ಪ ಹಿಂದೆ ಹಾರ್ಪ್. ಪಾರ್ಟ್ ನೋಡಿ ನುಡಿಸುವುದನ್ನು ನಾನು ಪೂರ್ತಿ ಬಿಟ್ಟು, ಟ್ಯಾಬ್ಲೆಟ್ಟಿನಲ್ಲಿ ಮೂವರ ಸಾಲೂ ಇರುವ ಸ್ಕೋರನ್ನೇ ಇಟ್ಟುಕೊಂಡೆ. ಪುಟ ತಿರುಗಿಸಲು ಕಾಲಿಗೆ ಒಂದು ಬ್ಲೂಟೂತ್ ಪೆಡಲ್. ಏಳು ಪೆಡಲ್ ತುಳಿಯುವವರು ಒಂದು ಸಲವೂ ತಪ್ಪಲಿಲ್ಲ. ಒಂದೇ ಒಂದು ಪೆಡಲ್ ಇದ್ದ ನಾನು ಎರಡು ಪುಟ ಹಾರಿಸಿದ್ದು ನಾಲ್ಕು ಸಲ.

ಕಾರ್ಯಕ್ರಮ ಒಂದು ಚರ್ಚಿನಲ್ಲಿ, ಮಧ್ಯಾಹ್ನದ ಊಟದ ಹೊತ್ತಿನ ಕಚೇರಿ. ನಲವತ್ತು ಚಿಲ್ಲರೆ ಜನ, ಅರ್ಧದಷ್ಟು ಜನರ ಕೈಯಲ್ಲಿ ಸ್ಯಾಂಡ್‌ವಿಚ್. ಡೆಬ್ಯೂಸಿಯೊಂದೇ ಸಾಲದು ಅಂತ ಆರ್ನಲ್ಡ್ ಬ್ಯಾಕ್ಸ್ ಎಂಬ ಇಂಗ್ಲಿಷಿನವನ 'ಎಲಿಜಿಯಾಕ್ ಟ್ರಿಯೊ' ಸೇರಿಸಿದ್ದೆವು. ಇದೇ ಮೂರು ವಾದ್ಯ, ಒಂದೇ ಭಾಗ, ಬರೆದದ್ದು 1916ರಲ್ಲಿ. ಐರ್ಲೆಂಡನ್ನು ಮನೆಯ ಹಾಗೆ ಪ್ರೀತಿಸುತ್ತಿದ್ದವನು, ಡಬ್ಲಿನ್ನಿನ ಈಸ್ಟರ್ ದಂಗೆಯ ವರ್ಷ. ವಯೋಲದವರಿಗೆ ಬ್ಯಾಕ್ಸ್ ಉದಾರಿ, ಹಾಡಲು ಬಿಡುತ್ತಾನೆ, ನಾನು ಹೊಟ್ಟೆತುಂಬ ಹಾಡಿದೆ. ಆದರೆ ನಿಜ ಹೇಳಬೇಕೆಂದರೆ ಮನೆಗೆ ಹೋದಮೇಲೆ ತಲೆಯಲ್ಲಿ ಉಳಿಯುವುದು ಅದಲ್ಲ.

ಶುರುವಾಗಲು ಇಪ್ಪತ್ತು ನಿಮಿಷ ಇದ್ದಾಗ 'ಫಟ್' ಅಂತ ಒಂದು ಸದ್ದು. ಹಾರ್ಪಿನ ನಡುಸ್ಥಾಯಿಯ ಕೆಂಪು ತಂತಿ, ಅಂದರೆ ಸಿ, ಹರಿದಿತ್ತು. ಹಾರ್ಪಿನಲ್ಲಿ ಸಿ ತಂತಿಗಳು ಕೆಂಪು, ಎಫ್ ತಂತಿಗಳು ಕಪ್ಪು. ಆ ಬಣ್ಣ ಇಲ್ಲದಿದ್ದರೆ 47 ತಂತಿಯ ಕಾಡಿನಲ್ಲಿ ದಾರಿ ಸಿಗುವುದಿಲ್ಲ. ನಮ್ಮಿಬ್ಬರ ಎದೆ ಹೊಡೆದುಕೊಳ್ಳುತ್ತಿತ್ತು. ಅವರು ಚೀಲದಿಂದ ಹೊಸ ತಂತಿ ತೆಗೆದು, ಗಂಟು ಹಾಕಿ, ಏರಿಸಿ, ಏಳು ನಿಮಿಷದಲ್ಲಿ ಮುಗಿಸಿದರು. ಅವರ ಕೆಲಸ ನರ್ಸಿಂಗ್, ಕೈ ನಡುಗುವ ಅಭ್ಯಾಸವಿಲ್ಲ. ತೊಂದರೆ ಏನೆಂದರೆ ಹೊಸ ಕರುಳಿನ ತಂತಿ ದಿನಗಟ್ಟಲೆ ಹಿಗ್ಗುತ್ತಲೇ ಇರುತ್ತದೆ, ಏರಿಸಿದಷ್ಟೂ ಇಳಿಯುತ್ತದೆ. ಬ್ಯಾಕ್ಸ್ ಮುಗಿದ ಮೇಲೆ ಒಂದು ಸಲ, ಡೆಬ್ಯೂಸಿಯ ಭಾಗಗಳ ನಡುವೆ ಒಂದೊಂದು ಸಲ ಅದನ್ನು ಎಳೆದು ಮೇಲಕ್ಕೆ ತಂದರು. ಸಭೆ ಸ್ಯಾಂಡ್‌ವಿಚ್ ಕಾಗದ ಸರಿಪಡಿಸಿಕೊಳ್ಳಲು ಆ ಬಿಡುವನ್ನು ಬಳಸಿಕೊಂಡಿತು.

ಎರಡನೇ ಭಾಗ, ಮಿನ್ಯುಎಟ್ ಎಂಬ ನೃತ್ಯದ ಗತಿಯದು, ನಾವು ಯಾವತ್ತೂ ನುಡಿಸದಷ್ಟು ಚೆನ್ನಾಗಿ ಬಂತು. ಯಾಕೆ ಅಂತ ಗೊತ್ತಿಲ್ಲ. ಕೊನೆಯ ಭಾಗದಲ್ಲಿ ಒಂದು ಕಡೆ ನಾನು ಮೀಟುವುದನ್ನು ಬಿಟ್ಟು ಕಮಾನಿಗೆ ಮರಳುವಾಗ ಅರ್ಧ ಹೆಜ್ಜೆ ತಡವಾದೆ, ಹಾರ್ಪ್ ನನಗಾಗಿ ಕಾಯಲಿಲ್ಲ, ಓಡಿ ಹಿಡಿದೆ. ಮುಗಿಯಲು ಇನ್ನೇನು ಸ್ವಲ್ಪ ಇರುವಾಗ ಆ ಓಟವೆಲ್ಲ ನಿಂತು ಮೊದಲ ಭಾಗದ ನೆನಪು ಒಂದು ಗಳಿಗೆ ಬಂದು ಹೋಗುತ್ತದೆ. ಒಂಬತ್ತು ತಿಂಗಳು ಎಣಿಸಿಕೊಂಡು, ಭುಜ ನೋಡಿಕೊಂಡು ಬಂದಿದ್ದ ನಾನು ಅಲ್ಲಿ ಏನನ್ನೂ ನೋಡಲಿಲ್ಲ. ಮೇಷ್ಟ್ರ ಉಸಿರು ಕೇಳಿಸಿತು, ಒಳಗಿದ್ದೆ. ಆಮೇಲೆ ಎಫ್ ಮೇಜರ್. ಹಾರ್ಪಿನ ಗಾಂಧಾರ ನೆಟ್ಟಗಿತ್ತು, ನನ್ನದೂ. ಕೆಂಪು ತಂತಿಯ ಸಿ, ಎಂದರೆ ನಮ್ಮ ಪಂಚಮ, ಅದೊಂದು ಚೂರು ತಗ್ಗಿತ್ತು. ನಮ್ಮ ಮೂವರಿಗೆ ಬಿಟ್ಟು ಯಾರಿಗೂ ತಿಳಿದಿರಲಿಕ್ಕಿಲ್ಲ.

ಹಾರ್ಪನ್ನು ಹೊದಿಕೆ ಹಾಕಿ, ಗಾಲಿಯ ಮೇಲೆ ಕೂರಿಸಿ, ಚರ್ಚಿನ ಆರು ಮೆಟ್ಟಿಲು ಇಳಿಸಿದೆವು. ನಲವತ್ತು ಕಿಲೋ ಹತ್ತಿರದ ಸಾಮಾನು, ಮೇಷ್ಟ್ರಿಗೆ ಬೆನ್ನುನೋವು, ಹೊರಗೆ ಮಳೆ. ಕಾರಿನ ಹಿಂದಿನ ಸೀಟು ಮಡಚಿ ಒಳಗೆ ಮಲಗಿಸುವಾಗ ಅವರು ಹೊದಿಕೆಯೊಳಗೆ ಕೈ ಹಾಕಿ ಆ ಹೊಸ ತಂತಿಯನ್ನು ಒಂದು ಸಲ ಮೀಟಿದರು. ಆಗಲೇ ಬಿ ಆಗಿತ್ತು.